ವಸಂತವೂ ಊರ ಕೆರೆಯೂ

ಆರು ಋತುಗಳಲ್ಲಿ ವಸಂತವನ್ನು ಋತುರಾಜನೆಂದು ಕರೆದವರು ನಮ್ಮ ಪೂರ್ವಿಕರು. ಚೈತ್ರ ವೈಶಾಖಗಳೆಂಬ ಎರಡು ಮಾಸಗಳು ಅವನ ಆಳ್ವಿಕೆಯ ಕಾಲ. ಯುಗಾದಿಯ ದಿನ ಬಾಗಿಲಿಗೆ ಮಾವಿನ ತೋರಣವನ್ನು ಕಟ್ಟಿ, ಬೇವುಬೆಲ್ಲವನ್ನು ಸವಿದು, ಒಬ್ಬಟ್ಟಿನ ಊಟವನ್ನು ಮುಗಿಸಿದರೆ ರಾಜನಿಗೆ ಸಲ್ಲಬೇಕಾದ ಸ್ವಾಗತವು ಸಂದಿತೆಂದು ಬಹುಮಂದಿ ಭಾವಿಸುತ್ತಾರೆ. ತೋರಣದ ಎಲೆ ಯಾವ ತೋಪಿನಿಂದ ಬಂದಿತು, ಬೇವಿನ ಹೂವನ್ನು ಬಿಡಿಸಿದ ಮರ ಎಲ್ಲಿದೆ ಎಂದು ಕೇಳಿದರೆ ಉತ್ತರ ದೊರೆಯುವುದು ಕಷ್ಟ. ವಿದ್ಯಾರ್ಥಿಗಳ ಪಾಡಂತೂ ಇನ್ನೂ ವಿಚಿತ್ರವಾದುದು. ವಸಂತವು ಬರುವ ಕಾಲವೂ ಪರೀಕ್ಷೆಗಳು ಬರುವ ಕಾಲವೂ ಒಂದೇ. ಕಿಟಕಿಯ ಆಚೆ ಹೊಂಗೆಯ ಮರ ಚಿಗುರುತ್ತಿರುವಾಗ, ಈಚೆ ಕುಳಿತ ಬಾಲಕನು ವಸಂತವರ್ಣನೆಯ ಪದ್ಯದ ಸಾರಾಂಶವನ್ನು ಕಂಠಪಾಠ ಮಾಡುತ್ತಿರುತ್ತಾನೆ. ಒಮ್ಮೆ ತಲೆಯೆತ್ತಿ ನೋಡಿದ್ದರೆ ಪದ್ಯವೂ ಬೇಗ ಅರ್ಥವಾಗುತ್ತಿತ್ತು.

ವಸಂತವು ಮನೆಯ ಬಾಗಿಲಿಗೆ ಬಂದು ಕೂಗುವ ಅತಿಥಿಯಲ್ಲ. ಅವನನ್ನು ಕಾಣಬೇಕೆಂಬ ಆಸೆಯುಳ್ಳವರು ತಾವೇ ನಡೆದುಹೋಗಬೇಕು. ಅದಕ್ಕೆ ಹಣ ಬೇಡ, ವಾಹನ ಬೇಡ, ಗಿರಿಧಾಮಗಳ ಪ್ರವಾಸವೂ ಬೇಡ. ಬೆಳಗಿನ ಒಂದು ಗಂಟೆಯ ಬಿಡುವು, ಊರ ಹೊರಗಿನ ಒಂದು ಬಂಡಿಜಾಡು, ನೋಡುವ ಕಣ್ಣು ಇವಿಷ್ಟಿದ್ದರೆ ಸಾಕು. ಓಡುವ ಬಸ್ಸಿನಿಂದ ನೋಡಿದವನಿಗೆ ಹೂಬಿಟ್ಟ ಮರವು ಒಂದು ಬಣ್ಣದ ಗೆರೆಯಾಗಿ ಸರಿದುಹೋಗುತ್ತದೆ. ನಡೆದುಹೋಗುವವನಿಗೆ ಅದೇ ಮರದಲ್ಲಿ ಜೇನುನೊಣದ ಝೇಂಕಾರ ಕೇಳುತ್ತದೆ; ಬುಡದಲ್ಲಿ ಉದುರಿದ ಹೂವು ಕಾಲಿಗೆ ತಾಗುತ್ತದೆ. ನಡಿಗೆಯ ವೇಗವೇ ಪ್ರಕೃತಿಯನ್ನು ಅರಿಯುವುದಕ್ಕೆ ತಕ್ಕ ವೇಗ.

ಹಾಗೆ ನಡೆಯುವವನಿಗೆ ಮೊದಲು ತಿಳಿಯುವ ಸಂಗತಿಯೆಂದರೆ, ವಸಂತವು ಒಂದು ದಿನ ಬರುವುದಲ್ಲ, ಸಾಲಾಗಿ ಬರುತ್ತದೆ ಎಂಬುದು. ಪಂಚಾಂಗದಲ್ಲಿ ಚೈತ್ರವು ಇನ್ನೂ ದೂರವಿರುವಾಗಲೇ ಬೂರುಗದ ಮರವು ಎಲೆಗಳನ್ನೆಲ್ಲ ಕಳೆದುಕೊಂಡು, ಬರಿಯ ಕೊಂಬೆಗಳ ಮೇಲೆ ದಪ್ಪದಳದ ಕೆಂಪು ಹೂಗಳನ್ನು ಹೊತ್ತು ನಿಲ್ಲುತ್ತದೆ. ಮೈನಾ, ಕಾಗೆ, ಕಾಜಾಣ ಮೊದಲಾದ ಹಕ್ಕಿಗಳಿಗೆ ಅದೊಂದು ಅರವಟ್ಟಿಗೆ. ಅದರ ಬೆನ್ನಿಗೇ ಕುರುಚಲು ಕಾಡಿನ ಅಂಚಿನಲ್ಲಿ ಮುತ್ತುಗವು ಹೊತ್ತಿಕೊಂಡಂತೆ ಅರಳುತ್ತದೆ. ಊಟದ ಎಲೆಗಳನ್ನು ಹಚ್ಚಲು ಒದಗುವ ಸಾಧಾರಣ ಮರವೆಂದು ವರ್ಷವೆಲ್ಲ ಅಲಕ್ಷ್ಯಕ್ಕೆ ಗುರಿಯಾದ ಮುತ್ತುಗವು ಆ ಎರಡು ಮೂರು ವಾರ ಕಾಡಿಗೇ ಒಡೆಯನಾಗುತ್ತದೆ. ಅನಂತರ ಹೊಂಗೆ. ಅದರ ಹಳೆಯ ಎಲೆಗಳು ಉದುರಿ, ಕೆಲವೇ ದಿನಗಳಲ್ಲಿ ಇಡೀ ಮರವು ಎಳೆಹಸುರಿನಿಂದ ಹೊಳೆಯುತ್ತದೆ. ಅರಳಿಯ ಚಿಗುರಿಗೆ ತಾಮ್ರದ ಬಣ್ಣ. ಬೇವಿನ ಹೂವು ಕಣ್ಣಿಗೆ ಕಾಣುವುದಕ್ಕೆ ಮುಂಚೆ ಮೂಗಿಗೆ ತಿಳಿಯುತ್ತದೆ. ಬಿಸಿಲು ಬಲಿತ ಮೇಲೆ ಕಕ್ಕೆಯ ಮರದಲ್ಲಿ ಹಳದಿಯ ಗೊಂಚಲುಗಳು ಜೋತುಬೀಳುತ್ತವೆ. ಮಲೆನಾಡಿನಲ್ಲಿ ಈ ಮೆರವಣಿಗೆಯ ರೀತಿಯೇ ಬೇರೆ. ಅಲ್ಲಿ ಒಂದು ಹದವಾದ ಹೂಮಳೆ ಬಿದ್ದು ಕೆಲವು ದಿನಗಳು ಕಳೆದರೆ ಕಾಫಿಯ ತೋಟಗಳು ಒಮ್ಮೆಲೇ ಬೆಳ್ಳಗಾಗಿ, ಮಲ್ಲಿಗೆಯನ್ನು ನೆನಪಿಗೆ ತರುವ ಪರಿಮಳವು ಬೆಟ್ಟದಿಂದ ಬೆಟ್ಟಕ್ಕೆ ಹರಡುತ್ತದೆ.

ಕಿವಿಗೂ ಹಬ್ಬವುಂಟು. ಕೋಗಿಲೆಯು ವಸಂತದಲ್ಲಿ ಎಲ್ಲಿಂದಲೋ ಬರುತ್ತದೆಂದು ಹಲವರು ತಿಳಿದಿದ್ದಾರೆ. ಅದು ಚಳಿಗಾಲದಲ್ಲಿಯೂ ಇಲ್ಲಿಯೇ ಇರುತ್ತದೆ. ಬಹುಮಟ್ಟಿಗೆ ಮೌನವಾಗಿರುತ್ತದೆ, ಅಷ್ಟೆ. ಮೊಟ್ಟೆಯಿಡುವ ಕಾಲ ಸಮೀಪಿಸಿದಾಗ ಕಪ್ಪುಮೈಯ ಗಂಡು ಕೂಗತೊಡಗುತ್ತದೆ. ಚುಕ್ಕೆಮೈಯ ಹೆಣ್ಣು ಕಾಗೆಯ ಗೂಡನ್ನು ಹುಡುಕುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ತಾಮ್ರದ ಪಾತ್ರೆಯನ್ನು ಯಾರೋ ಒಂದೇ ಸಮನೆ ತಟ್ಟುತ್ತಿರುವಂತೆ ಕೇಳುವ ದನಿಯು ಚೆಂಬುಕುಟಿಗನೆಂಬ ಗುಬ್ಬಿಗಾತ್ರದ ಹಸುರು ಹಕ್ಕಿಯದು. ಈ ದನಿಗಳನ್ನು ಒಂದೊಂದಾಗಿ ಗುರುತಿಸಲು ಕಲಿತವನಿಗೆ ಪ್ರತಿವರ್ಷದ ವಸಂತವೂ ಹಿಂದಿನ ವರ್ಷದ ಗೆಳೆಯನು ಮರಳಿ ಬಂದಂತೆ ಆಗುತ್ತದೆ.

ನಮ್ಮ ಹಳ್ಳಿಗಳ ಕಾಲುದಾರಿಗಳಿಗೆ ಒಂದು ಗುಣವಿದೆ. ಅವುಗಳಲ್ಲಿ ಹೆಚ್ಚಿನವು ಬೇಗನೆಯೋ ತಡವಾಗಿಯೋ ನೀರಿರುವ ಕಡೆಗೆ ತಿರುಗುತ್ತವೆ. ದನಕರುಗಳು ನಡೆದು ಸವೆಸಿದ ದಾರಿಗಳಾದುದರಿಂದ ಹಾಗಾಗುವುದು ಸಹಜ. ಹೂವಿನ ಬೆನ್ನುಹತ್ತಿ ಹೊರಟವನು ಕೊನೆಗೆ ಒಂದು ಕೆರೆಯ ಏರಿಯ ಮೇಲೆ ಬಂದು ನಿಲ್ಲುತ್ತಾನೆ. ಅಲ್ಲಿ ಅವನ ಸಂತೋಷಕ್ಕೆ ಒಂದು ಪ್ರಶ್ನೆ ಎದುರಾಗುತ್ತದೆ.

ಹಿಮ ಬೀಳುವ ಶೀತದೇಶಗಳಲ್ಲಿ ವಸಂತವೆಂದರೆ ನೀರು ಬಿಡುಗಡೆ ಹೊಂದುವ ಕಾಲ. ಮಂಜು ಕರಗಿ ಹಳ್ಳಗಳು ಹರಿಯತೊಡಗುತ್ತವೆ, ಕೊಳಗಳು ತುಂಬುತ್ತವೆ. ನಮ್ಮ ಬಯಲುಸೀಮೆಯ ವಸಂತ ಇದಕ್ಕೆ ತೀರ ವಿರುದ್ಧವಾದುದು. ಇಲ್ಲಿ ಮರಗಳು ಚಿಗುರುವುದು ನೀರು ಇಳಿಯುವ ಕಾಲದಲ್ಲಿ. ಆಳಕ್ಕೆ ಬೇರುಬಿಟ್ಟ ಮರಕ್ಕೆ ಹಿಂದಿನ ಮಳೆಗಾಲದ ತೇವವು ಇನ್ನೂ ಎಟುಕುತ್ತದೆ. ಮೇಲ್ಮಣ್ಣನ್ನೇ ನಂಬಿದ ಹುಲ್ಲು ಒಣಗಿಹೋಗುತ್ತದೆ. ಏರಿಯ ಮೇಲಿನ ಹೊಂಗೆಯು ಹಸುರಾಗುವ ವಾರಗಳಲ್ಲಿಯೇ ಕೆಳಗೆ ಕೆರೆಯ ಅಂಗಳವು ಬಿರುಕುಬಿಡುತ್ತದೆ. ಉಳಿದ ಮೊಣಕಾಲುದ್ದದ ನೀರಿನಲ್ಲಿ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಗಳು ಒಂದೆಡೆ ಸೇರುತ್ತವೆ. ಗದಗ ಜಿಲ್ಲೆಯ ಮಾಗಡಿಯ ಕೆರೆಯಲ್ಲಿ ಚಳಿಗಾಲವನ್ನು ಕಳೆದ ಪಟ್ಟೆತಲೆಯ ಹೆಬ್ಬಾತುಗಳು ಈ ವೇಳೆಗೆ ಹಿಮಾಲಯವನ್ನು ದಾಟುವ ಪಯಣವನ್ನು ಆರಂಭಿಸಿರುತ್ತವೆ. ಒಂದೇ ನೋಟದಲ್ಲಿ ಮೇಲೆ ಸಮೃದ್ಧಿ, ಕೆಳಗೆ ಬಡತನ. ಇವೆರಡನ್ನೂ ಕಾಣದವನು ಕನ್ನಡನಾಡಿನ ವಸಂತವನ್ನು ಅರ್ಧ ಮಾತ್ರ ಕಂಡಂತೆ.

ಹಿಂದಿನವರು ಇವೆರಡನ್ನೂ ಕಂಡಿದ್ದರು. ನೀರು ಇಳಿದ ಕಾಲವೇ ಕೆರೆಯ ಸೇವೆಗೆ ತಕ್ಕ ಕಾಲವೆಂಬುದು ಅವರಿಗೆ ತಿಳಿದಿತ್ತು. ಸುಗ್ಗಿ ಮುಗಿದು ಉಳುಮೆ ಇನ್ನೂ ಆರಂಭವಾಗದ ಬಿಡುವಿನಲ್ಲಿ ರೈತರು ಗಾಡಿಗಳನ್ನು ಕೆರೆಯ ಅಂಗಳಕ್ಕೆ ಇಳಿಸಿ, ಮಳೆಯ ನೀರು ಹೊತ್ತುತಂದು ಬಿಟ್ಟಿದ್ದ ಗೋಡುಮಣ್ಣನ್ನು ತುಂಬಿ ತಮ್ಮ ಹೊಲಗಳಿಗೆ ಸಾಗಿಸುತ್ತಿದ್ದರು. ಹೊಲಕ್ಕೆ ಗೊಬ್ಬರ ದೊರೆಯುತ್ತಿತ್ತು. ಕೆರೆಗೆ ಆಳ ದೊರೆಯುತ್ತಿತ್ತು. ಏರಿಯ ಮೇಲೆ ಬೆಳೆದ ಗಿಡಗಂಟಿಗಳನ್ನು ಕಡಿದು, ತೂಬನ್ನು ಪರೀಕ್ಷಿಸಿ, ಕೋಡಿಯನ್ನು ಸರಿಪಡಿಸಿ, ಅಶ್ವಿನಿ ಭರಣಿ ಮಳೆಗಳು ಬರುವ ವೇಳೆಗೆ ಕೆರೆಯನ್ನು ಸಿದ್ಧಗೊಳಿಸುತ್ತಿದ್ದರು. ನೀರನ್ನು ಹಂಚಲು ನೀರುಗಂಟಿ ಎಂಬ ಊರಾಳಿದ್ದನು. ಕೆರೆಯ ದುರಸ್ತಿಯ ವೆಚ್ಚಕ್ಕಾಗಿ 'ಬಿತ್ತುವಟ್ಟ' ಎಂಬ ದತ್ತಿಯನ್ನು ಬಿಡುತ್ತಿದ್ದುದನ್ನು ಕನ್ನಡದ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ಕೆರೆಯನ್ನು ಕಟ್ಟಿದವರಿಗೆ, ಕಾಪಾಡಿದವರಿಗೆ 'ಕೊಡಗೆ'ಯಾಗಿ ಭೂಮಿಯನ್ನು ಕೊಡುತ್ತಿದ್ದರು. ಕಟ್ಟುವುದು ಒಂದು ಪುಣ್ಯವಾದರೆ, ಕಟ್ಟಿದ್ದನ್ನು ಉಳಿಸುವುದು ಅದಕ್ಕಿಂತ ಕಡಿಮೆಯ ಪುಣ್ಯವಲ್ಲ ಎಂಬುದು ಈ ಏರ್ಪಾಡಿನ ತಾತ್ಪರ್ಯ.

ಈ ತಿಳಿವಳಿಕೆಯು ಕೇವಲ ರೂಢಿಯಾಗಿರಲಿಲ್ಲ, ಶಾಸ್ತ್ರವೂ ಆಗಿತ್ತು. ವಿಜಯನಗರದ ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನೆಂಬ ರಾಜಕುಮಾರನು ಇಂದಿನ ಆಂಧ್ರಪ್ರದೇಶದ ಪೋರುಮಾಮಿಳ್ಳದಲ್ಲಿ ಒಂದು ದೊಡ್ಡ ಕೆರೆಯನ್ನು ಕಟ್ಟಿಸಿದನು. 1369ರ ಅಲ್ಲಿನ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಟ್ಟುವ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳುಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು, ಅಂಗಳದ ನಡುವೆ ದಿಬ್ಬವಿರುವುದು ಇವೆಲ್ಲ ಆ ದೋಷಗಳಲ್ಲಿ ಸೇರಿವೆ. ಒಂದು ಸಾವಿರ ಮಂದಿ ಎರಡು ವರ್ಷಗಳ ಕಾಲ ದುಡಿದು ಆ ಕೆಲಸವನ್ನು ಮುಗಿಸಿದರು. ಇಂಥ ಶ್ರಮದ ಫಲವಾಗಿಯೇ ಇಂದಿನ ಕರ್ನಾಟಕದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳು ಲೆಕ್ಕಕ್ಕೆ ಸಿಗುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯು, ಈ ಸೀಮೆಯಲ್ಲಿ ಹೊಸದೊಂದು ಕೆರೆಗೆ ತಕ್ಕ ಜಾಗವನ್ನು ಹುಡುಕಲು ಬಹಳ ಜಾಣ್ಮೆ ಬೇಕಾದೀತೆಂಬ ಅರ್ಥದ ಮಾತನ್ನು ಬರೆದಿದ್ದಾನೆ. ಅಷ್ಟರಮಟ್ಟಿಗೆ ಹಿಂದಿನವರು ಪ್ರತಿಯೊಂದು ಇಳಿಜಾರನ್ನೂ ಬಳಸಿಕೊಂಡಿದ್ದರು. ಒಂದು ಕೆರೆಯ ಕೋಡಿಬಿದ್ದ ನೀರು ಮತ್ತೊಂದು ಕೆರೆಗೆ ಹರಿಯುವಂತೆ ಅವುಗಳನ್ನು ಸರಪಳಿಯಾಗಿ ಹೆಣೆದಿದ್ದರು.

ಆ ಸರಪಳಿಯು ಇಂದು ಹಲವೆಡೆ ಕಡಿದುಹೋಗಿದೆ. ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಮನೆಗೆ ನಲ್ಲಿಯ ನೀರು ಬಂದಿತು. ಹೊಲಕ್ಕೆ ಕೊಳವೆಬಾವಿಯ ನೀರು ಬಂದಿತು. ಇವೆರಡೂ ಜನರ ಕಷ್ಟವನ್ನು ತಗ್ಗಿಸಿದುವೆಂಬುದನ್ನು ಅಲ್ಲಗಳೆಯುವಂತಿಲ್ಲ. ಬಿಂದಿಗೆ ಹೊತ್ತು ಮೈಲಿಗಟ್ಟಲೆ ನಡೆದ ಹೆಂಗಸರ ಬವಣೆಯನ್ನು ಕಂಡವರು ಹಳೆಯ ಕಾಲವೇ ಸರ್ವಶ್ರೇಷ್ಠವೆಂದು ಹೇಳಲಾರರು. ಆದರೆ ಗುಂಡಿಯನ್ನು ಒತ್ತಿದರೆ ನೀರು ಬರುವಾಗ ಕೆರೆಯ ಕಡೆಗೆ ನಡೆಯುವ ಅಗತ್ಯವೇ ತಪ್ಪಿತು. ನಡೆಯದವರಿಗೆ ಕೆರೆ ಕಾಣಲಿಲ್ಲ. ಕಾಣದಿದ್ದಾಗ ಹೂಳು ತುಂಬಿತು, ರಾಜಕಾಲುವೆ ಒತ್ತುವರಿಯಾಯಿತು, ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆಯಿತು, ಊರಿನ ಕೊಳೆಯೆಲ್ಲ ಅಲ್ಲಿಗೇ ಹರಿಯಿತು. ಕೊಳವೆಬಾವಿಗೆ ನೀರನ್ನು ಕೊಡುವ ನೆಲವನ್ನು ತಣಿಸುತ್ತಿದ್ದುದು ಕೆರೆಯೇ ಎಂಬ ಸಂಗತಿ, ಕೋಲಾರದಂಥ ಜಿಲ್ಲೆಯಲ್ಲಿ ಸಾವಿರ ಅಡಿಗೂ ಆಳಕ್ಕೆ ಕೊರೆಯಬೇಕಾಗಿ ಬಂದಾಗ ನೆನಪಾಯಿತು. 2017 ಮತ್ತು 2018ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ನೀರಿರುವ ಜಾಗದಲ್ಲಿ ಬೆಂಕಿ ಎದ್ದಿತೆಂಬ ಸುದ್ದಿಯು ನಾಗರಿಕರೆಂದು ಹೇಳಿಕೊಳ್ಳುವ ಯಾರಿಗಾದರೂ ನಾಚಿಕೆಯನ್ನು ತರಬೇಕು.

ಕೆರೆಗಳು ಸರ್ಕಾರದ ಆಸ್ತಿ. ಅವನ್ನು ಕಾಪಾಡುವುದು ಸರ್ಕಾರದ ಹೊಣೆ ಎಂದು ವಾದಿಸುವವರುಂಟು. ಆ ಮಾತಿನಲ್ಲಿ ಸತ್ಯವಿದೆ. ಏರಿಯನ್ನು ಭದ್ರಪಡಿಸಲು, ಕೊಳಚೆಯನ್ನು ತಡೆಯಲು, ಒತ್ತುವರಿಯನ್ನು ತೆರವು ಮಾಡಲು ಬೇಕಾದ ಹಣವೂ ಅಧಿಕಾರವೂ ಸರ್ಕಾರಕ್ಕಲ್ಲದೆ ಬೇರೆಯವರಿಗಿಲ್ಲ. ಆದರೆ ಒಡೆಯನು ಇದ್ದರೆ ಸಾಲದು, ಕಾಯುವವನೂ ಬೇಕು. ಇಲಾಖೆಯು ವರ್ಷಕ್ಕೊಮ್ಮೆ ಬಂದು ನೋಡಬಹುದು. ದಿನವೂ ನೋಡುವ ಕಣ್ಣು ಊರಿನವರದೇ ಆಗಬೇಕು. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಿದ್ದ ಸಾಮಾನ್ಯ ವ್ಯಕ್ತಿ. ಬೇಸಗೆಯಲ್ಲಿ ಬೆಟ್ಟದ ಮೇಲೆ ಪ್ರಾಣಿಪಕ್ಷಿಗಳಿಗೆ ನೀರಿಲ್ಲದುದನ್ನು ಕಂಡು, ಅವರು ತಮ್ಮ ದುಡಿಮೆಯ ಹಣವನ್ನೇ ವೆಚ್ಚಮಾಡಿ ಹತ್ತಕ್ಕೂ ಹೆಚ್ಚು ಕಟ್ಟೆಗಳನ್ನು ತೋಡಿಸಿದರು. 2020ರಲ್ಲಿ ದೇಶದ ಪ್ರಧಾನಿಯು ಆಕಾಶವಾಣಿಯ ಭಾಷಣದಲ್ಲಿ ಅವರನ್ನು ಹೆಸರಿಸಿದರು. 2022ರಲ್ಲಿ ಅವರು ತೀರಿಕೊಂಡರು. ಪ್ರಶಂಸೆ ಬಂದುದು ಕಡೆಯ ದಿನಗಳಲ್ಲಿ. ಕೆಲಸ ನಡೆದುದು ಅದಕ್ಕೂ ಮುಂಚಿನ ಹಲವು ದಶಕಗಳಲ್ಲಿ. ಕುರಿಗಳ ಹಿಂದೆ ನಡೆದಾಡಿದುದರಿಂದಲೇ ಅವರಿಗೆ ಬೆಟ್ಟದ ಬಾಯಾರಿಕೆ ಕಂಡಿತು ಎಂಬುದನ್ನು ಗಮನಿಸಬೇಕು.

ಅದೇ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಣ ಹುಣಸೆ, ಆಲ, ಅರಳಿ ಮರಗಳಲ್ಲಿ ಗೂಡುಕಟ್ಟುತ್ತವೆ. ಸುತ್ತಲ ಕೆರೆಗಳಿಂದಲೂ ಶಿಂಷಾ ನದಿಯಿಂದಲೂ ಮೀನನ್ನು ತಂದು ಮರಿಗಳನ್ನು ಸಾಕುತ್ತವೆ. ಊರಿನವರು ಅವುಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ವಿಜಯನಗರ ಜಿಲ್ಲೆಯ ಅಂಕಸಮುದ್ರವು ಬೇಸಾಯಕ್ಕೆಂದು ಕಟ್ಟಿದ ಊರ ಕೆರೆ. ಅದರ ಜಾಲಿಮರಗಳು ಸಾವಿರಾರು ನೀರುಹಕ್ಕಿಗಳಿಗೆ ನೆಲೆಯಾದುವು. 2024ರ ಜನವರಿಯಲ್ಲಿ ಅಂಕಸಮುದ್ರವೂ ಮಾಗಡಿಯ ಕೆರೆಯೂ ಅಂತರರಾಷ್ಟ್ರೀಯ ಮಹತ್ವದ ಜಲತಾಣಗಳೆಂದು ರಾಮ್ಸಾರ್ ಪಟ್ಟಿಗೆ ಸೇರಿದುವು. ಜನರು ತಮಗಾಗಿ ಕಟ್ಟಿಕೊಂಡ ನೀರು, ಜನರು ಬಿಟ್ಟುಕೊಟ್ಟರೆ, ಲೋಕಕ್ಕೇ ಒದಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ನಗರವಾಸಿಗಳಿಗೂ ಈ ಭಾಗ್ಯ ತಪ್ಪಿದ್ದಲ್ಲ. ಬೆಂಗಳೂರಿನ ಪುಟ್ಟೇನಹಳ್ಳಿ, ಕೈಕೊಂಡರಹಳ್ಳಿ ಕೆರೆಗಳು ಮತ್ತೆ ಜೀವ ತಳೆದುದು ಸುತ್ತಲ ನಿವಾಸಿಗಳು ಪಟ್ಟುಬಿಡದೆ ದುಡಿದುದರಿಂದ.

ಕೆರೆಯನ್ನು ಕಾಯುವುದೆಂದರೆ ಅದನ್ನು ಶೃಂಗರಿಸುವುದಲ್ಲ ಎಂಬ ಎಚ್ಚರವೂ ಅಗತ್ಯ. ಕೆಲವೆಡೆ ಕೆರೆಯ ಸುತ್ತ ಕಲ್ಲಿನ ಗೋಡೆಯನ್ನು ಕಟ್ಟಿ, ತಳವನ್ನು ಬಟ್ಟಲಿನಂತೆ ಒಂದೇ ಸಮನಾಗಿ ತೋಡಿ, ದೀಪದ ಕಂಬಗಳನ್ನು ನೆಟ್ಟು, ಉದ್ಧಾರವಾಯಿತೆಂದು ಹೇಳುತ್ತಾರೆ. ನೋಡಲು ಅದು ಅಚ್ಚುಕಟ್ಟೇ ಸರಿ. ಆದರೆ ಕೆರೆಯ ಜೀವವಿರುವುದು ಹೆಚ್ಚಾಗಿ ಅದರ ಅಂಚಿನಲ್ಲಿ. ನೀರು ತೆಳುವಾಗಿ ಹರಡುವ ಇಳಿಜಾರಿನಲ್ಲಿಯೇ ಜೊಂಡು ಬೆಳೆಯುವುದು, ಕಪ್ಪೆ ಮೊಟ್ಟೆಯಿಡುವುದು, ಉದ್ದಕಾಲಿನ ಹಕ್ಕಿಗಳು ನಿಂತು ಮೇಯುವುದು. ಅಂಚನ್ನು ಕಳೆದುಕೊಂಡ ಕೆರೆಯು ತೊಟ್ಟಿಯಾಗುತ್ತದೆ. ಹಾಗೆಯೇ ಹೂಳೆತ್ತುವ ಉತ್ಸಾಹದಲ್ಲಿ ಯಂತ್ರಗಳಿಂದ ಅಲ್ಲಲ್ಲಿ ಆಳವಾದ ಗುಂಡಿಗಳನ್ನು ತೋಡುವುದೂ ತಪ್ಪು. ಮಳೆ ಬಂದಮೇಲೆ ಆ ಗುಂಡಿಗಳು ಕಣ್ಣಿಗೆ ಕಾಣುವುದಿಲ್ಲ. ಈಜಲು ಇಳಿದ ಮಕ್ಕಳು ಅವುಗಳಲ್ಲಿ ಸಿಲುಕಿ ಪ್ರಾಣ ಕಳೆದುಕೊಂಡ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಹಿರಿಯರು ಜೊತೆಗಿಲ್ಲದೆ ಯಾವ ಬಾಲಕನೂ ಬಾಲಕಿಯೂ ಕೆರೆಯ ನೀರಿಗೆ ಇಳಿಯಬಾರದು. ಇದು ಕೆರೆಯನ್ನು ಪ್ರೀತಿಸುವವರು ಮೊದಲು ಕಲಿಯಬೇಕಾದ ಪಾಠ.

ಹಾಗಾದರೆ ವಿದ್ಯಾರ್ಥಿಗಳು ಮಾಡಬಹುದಾದುದು ಏನು? ಅದು ಸಣ್ಣದು, ಆದರೆ ಸುಲಭವಾಗಿ ಬೇರೆಯವರು ಮಾಡಲಾಗದ್ದು. ವಾರಕ್ಕೊಮ್ಮೆ, ಬಿಸಿಲೇರುವ ಮುಂಚೆ, ನಾಲ್ಕಾರು ಮಂದಿ ಕೂಡಿ ಊರ ಕೆರೆಯವರೆಗೆ ನಡೆದುಹೋಗಬಹುದು. ತೂಬಿನ ಕಲ್ಲಿನ ಬಳಿ ನೀರು ಯಾವ ಮಟ್ಟಕ್ಕೆ ಇಳಿದಿದೆ, ಯಾವ ಮರ ಯಾವ ದಿನ ಚಿಗುರಿತು, ಯಾವ ಹಕ್ಕಿ ಬಂದಿತು, ಯಾವುದು ಹೋಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಬರಿಯ ನೆಲದ ಮೇಲೆ ಬೆಣಚುಕಲ್ಲುಗಳಂತೆ ಕಾಣುವ ಟಿಟ್ಟಿಭದ ಮೊಟ್ಟೆಗಳನ್ನು ತುಳಿಯದಂತೆ ಹೆಜ್ಜೆಯಿಡಬಹುದು. ಒಣಗಿದ ದಂಡೆಯಲ್ಲಿ ಬಿದ್ದ ಪ್ಲಾಸ್ಟಿಕ್ ಚೀಲಗಳನ್ನು ಮಳೆ ಬಂದು ಅವು ಕೋಡಿಗೆ ಸಿಕ್ಕಿಕೊಳ್ಳುವ ಮುಂಚೆ ಆರಿಸಿ ತೆಗೆಯಬಹುದು. ಶಾಲೆಯ ಅಂಗಳದಲ್ಲಿ ಒಂದು ಪುಟ್ಟ ಕೊಳವನ್ನು ಹಿರಿಯರ ನೆರವಿನಿಂದ ತೋಡಿ, ಮಳೆನೀರನ್ನು ಅದಕ್ಕೆ ಹರಿಸಿ, ಸೊಳ್ಳೆಯ ಮರಿಗಳನ್ನು ತಿನ್ನುವ ಊರಿನದೇ ಸಣ್ಣ ಮೀನುಗಳನ್ನು ಬಿಟ್ಟು ಸಾಕಬಹುದು. ಕೊಳದಲ್ಲಿ ಮೊದಲ ಏರೋಪ್ಲೇನ್ ಚಿಟ್ಟೆಯು ಬಂದು ಕುಳಿತ ದಿನ, ಪುಸ್ತಕದ ವಿಜ್ಞಾನವು ಕಣ್ಣೆದುರಿಗೆ ನಿಂತಂತಾಗುತ್ತದೆ. ಐದಾರು ವರ್ಷ ತಪ್ಪದೆ ಬರೆದಿಟ್ಟ ಇಂಥ ಪುಸ್ತಕವು, ಕೆರೆಯ ವಿಷಯವಾಗಿ ಪಂಚಾಯತಿಯ ಮುಂದೆ ಮಾತನಾಡುವವರ ಕೈಯಲ್ಲಿ ಬಲವಾದ ಆಧಾರವಾದೀತು.

ಇದರಿಂದ ಓದಿಗೆ ಅಡ್ಡಿಯಾಗುವುದೆಂದು ತಂದೆತಾಯಿಗಳು ಅಂಜಬೇಕಾಗಿಲ್ಲ. ಬೆಳಗಿನ ಒಂದು ಗಂಟೆಯ ನಡಿಗೆಯಿಂದ ದಣಿದ ಮನಸ್ಸಿಗಿಂತ ಇಡೀ ದಿನ ಕುಳಿತು ದಣಿದ ಮನಸ್ಸೇ ಹೆಚ್ಚು ಮರೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ನೋಡಲು ಕಲಿಯುವುದೂ ವಿದ್ಯೆಯೇ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಕಣ್ಣಿಗೆ ಅಂಟಿಕೊಂಡ ಅಭ್ಯಾಸವು ಬಾಳಿನುದ್ದಕ್ಕೂ ಉಳಿಯುತ್ತದೆ.

ಸಂತೋಷವನ್ನು ಪಡೆಯುವುದು ಬೇರೆ, ಅದಕ್ಕೆ ಅರ್ಹರಾಗುವುದು ಬೇರೆ. ಹೂವಿನ ಮರದ ಕೆಳಗೆ ನಿಂತು ಹಿಗ್ಗುವುದು ಎಲ್ಲರಿಗೂ ಸಾಧ್ಯ. ಆ ಮರದ ಬೇರಿಗೆ ಮುಂದಿನ ವರ್ಷವೂ ತೇವ ದೊರೆಯುವಂತೆ ನೋಡಿಕೊಳ್ಳುವವನು ಮಾತ್ರ ವಸಂತದ ನಿಜವಾದ ಆತಿಥೇಯನು. ಋತುರಾಜನು ಪ್ರತಿವರ್ಷವೂ ಬರುತ್ತಾನೆಂಬುದು ಹಿರಿಯರ ನಂಬಿಕೆ. ಅವನು ಬಂದಾಗ ಇಳಿದುಕೊಳ್ಳಲು ಊರಿನಲ್ಲಿ ಒಂದು ನೆರಳೂ ಒಂದು ಗುಟುಕು ನೀರೂ ಇರುವಂತೆ ಮಾಡುವ ಹೊಣೆ ಮಾತ್ರ ಊರಿನವರದು.